ಯೇಸವ್ವನ ಅಂಗಡಿ

ತೊರವಿ ದಾರಿ ಬಲಕ್ಕ, ಹಗ್ಗ ಗೆಜ್ಜಿ ಮಾರೋರ ಸಾಲು ಮುಗದು
ನೀರಿನ ಟ್ಯಾಂಕರು ನಿಲ್ಲೂ ಜಾಗದಾಗ
ನಾಲ್ಕು ಬಿದಿರು, ಎರಡು ತಾಡಪತ್ರಿ, ಒಂದು ತಗಡಿನ ಬೋರ್ಡು.
‘ಮಿಶನ್ ಸಭೆಯ ಸ್ತ್ರೀ ಸಂಘ, ಝುಣಕ ರೊಟ್ಟಿ’
ಅಂತ ಬರದದ್ದು ಅರವತ್ತೊಂದು ಚಳಿಗಾಲಕ್ಕ ಉದರಿ
‘ಮಿಶ… ಝುಣ…’ ಅಷ್ಟ ಉಳದೈತಿ.
ಓದೋರರ ಯಾರು?
ದನ ಹೊಡಕೊಂಡು ಬಂದವರು ಕೇಳೋದು ಒಂದ:
‘ಯೇಸವ್ವನ ಅಂಗಡಿ ಎಲ್ಲೈತ್ರಿ?’

ಯೇಸವ್ವ ಅನ್ನಾಕಿ ಒಬ್ಬಾಕಿ ಯಾವತ್ತೂ ಇದ್ದಿಲ್ಲ.
ಮೊದಲ ವರ್ಷ ಹಂಚಿನ ಮುಂದ ಕೂತಾಕಿ ದೀನವ್ವ,
ಮಿಶನ್ ದವಾಖಾನಿ ಆಯಾ.
ಮೂರು ದಿನ ಬಡದ ರೊಟ್ಟಿ
ಮೂರು ದಿನಾನೂ ಬುಟ್ಟಿ ಸಮೇತ ಮನಿಗೆ ಹೊತ್ತಳಂತ.
‘ಯಾರ ಕೈದು?’ ಅಂತ ಕೇಳತಿದ್ರಂತ ಜನ,
ಕೇಳಿ, ಹಂಗ ಮುಂದ ಹೋಗತಿದ್ರಂತ.
ನಾಲ್ಕನೇ ರಾತ್ರಿ ಜತ್ತದ ಕಡಿಯಾವ ಒಬ್ಬ
ಹೊಟ್ಟಿ ಉಬ್ಬಿದ ಎತ್ತಿಗೆ ಬಿಸಿನೀರು ಬೇಡಾಕ ಬಂದ.
ಅಜವಾನ ಹಾಕಿ ಕುದಿಸಿ ಕೊಟ್ಟಳು.
ನಸುಕಿನ್ಯಾಗ ಎತ್ತು ಎದ್ದು ನಿಂತಿತೋ ಇಲ್ಲೋ,
ನಮ್ಮೊಳಗ ಎರಡು ಮಾತು ಅದಾವ.
ಎದ್ದಿತು ಅಂತಾರ ಅಯ್ಯನವರು, ಪ್ರಸಂಗದಾಗ.
ಸತ್ತಿತು ಅಂತಿದ್ದಳು ನಮ್ಮವ್ವ.
ಸತ್ತ ಮ್ಯಾಲೆ ಆ ಮನಶ್ಯಾ ಬಂದು ಕೂತು
ಮಾತಿಲ್ಲದ ಆರು ರೊಟ್ಟಿ ತಿಂದನಂತ.
ಅವ ತಿನ್ನೋದು ನೋಡಿ ಇನ್ನೊಬ್ಬ ಕೂತನಂತ.

ಹೆಸರು ಯಾರು ಇಟ್ಟರೋ, ಹೊಲಮ್ಯಾಲಿನ ಗಾಳಿಗೆ ಕೇಳಬೇಕು.
ಬೀದರ ಕಡಿಂದ ಬಂದ ಹೊಸ ಅಯ್ಯನವರು ಒಮ್ಮೆ ಸಿಟ್ಟಾದ್ರು:
‘ಕರ್ತನ ಹೆಸರಿಗೆ ಅವ್ವ ಹಚ್ಚತೀರೇನು?’
ರೂತವ್ವ ಹಿಟ್ಟಿನಿಂದ ಮಾರಿ ಎತ್ತಲಿಲ್ಲ:
‘ಹಸದವರು ಕರದ್ರ ಓ ಅನಬೇಕ್ರಿ,
ತಿದ್ದಕೋತ ಕುಂತ್ರ ರೊಟ್ಟಿ ಸೀಯತಾವ.’

ಕೆಂಪು ರಟ್ಟಿನ ಲೆಕ್ಕದ ಬುಕ್ಕು ಈಗ ನನ್ನ ಹಂತ್ಯಾಕ ಐತಿ.
‘ಉಪ್ಪು, ಹತ್ತು ಪೈಸೆ.’
‘ಕರಿ ರುಮಾಲು, ಎರಡು ರೊಟ್ಟಿ, ಉದ್ರಿ.’
ಮುಂದಿನ ವರ್ಷದ ಹಾಳ್ಯಾಗ: ‘ಕರಿ ರುಮಾಲು ಬರಲಿಲ್ಲ.’
ಅದರ ಮುಂದಿನ ವರ್ಷ: ‘ಮಗ ಬಂದ. ಕೊಟ್ಟ.’
ಈ ರೊಕ್ಕದಾಗ ಹುಡಿಗ್ಯಾರ ಬೋರ್ಡಿಂಗಿಗೆ ಎರಡು ಪಾಯಖಾನೆ ಆದವು,
ಗಂಟಿಗೆ ಹಗ್ಗ ಬಂತು,
ಹಾರ್ಮೋನಿಯಂ ಅರ್ಧ ಬಂತು. ಉಳದರ್ಧ ಯಾರು ಕೊಟ್ರೋ ಬರದಿಲ್ಲ.

ಈ ವರ್ಷ ಸಂಘದಾಗ ಕೈ ಸಾಲಲಿಲ್ಲ.
ಒಬ್ಬಾಕಿಗೆ ಮೊಣಕಾಲು ಆಪರೇಶನ್,
ಒಬ್ಬಾಕಿ ಮಗಳ ಬಾಣಂತನಕ್ಕ ಸೊಲ್ಲಾಪುರಕ್ಕ ಹೋದ್ಲು,
ನಮ್ಮವ್ವ ಸುಗುಣವ್ವ ಆಷಾಢದಾಗ ಮಣ್ಣಿಗೆ ಹೋದ್ಲು.
ಹಂಚು ಖಾಲಿ ಬಿಡಬಾರದಂತ
ನಾನು ಕೂತೆ,
ಮೂವತ್ತೊಂದು ವರ್ಷ ಇಂಡಿ ಗಾಡಿಯೊಳಗ ಟಿಕೆಟ್ ಹರದ ಕಂಡಕ್ಟರ್ ಯೇಸುಮಿತ್ರ.
ಮೊದಲನೇದು ಹಂಚಿಗೆ ಹತ್ತಿತು.
ಎರಡನೇದರ ಅಂಚು ಟಿಕೆಟಿನಂಗ ಹರೀತು.
ಮೂರನೇದು ಪರವಾಗಿಲ್ಲ ಅಂದ್ರು, ಅನ್ನಬೇಕಲ್ಲ ಅಂತ.
ಬಾಜೂಕ ಗೋಬಿ ಮಂಚೂರಿಯವರ ಲೈಟು
ಕೆಂಪಗ, ಹಸರಗ, ಮತ್ತ ಕೆಂಪಗ.
ಡೋಣಿ ದಂಡಿ ಬಿಳಿಜೋಳ ಅಂದ್ರೂ ಹಿಟ್ಟು ನನ್ನ ಮಾತು ಕೇಳವಲ್ದು.
ಕುದಿನೀರು ಸಾಲದು ಅಂತಿದ್ದಳೋ
ಹೆಚ್ಚಾತು ಅಂತಿದ್ದಳೋ ಅವ್ವ,
ನೆನಪ ಇಲ್ಲ.
ಮಗ್ಗಲದಾಗ ಕುಂತ ದಿನ ನಾ ನೋಡಿದ್ದು ಗಲ್ಲಾ ಡಬ್ಬಿ.

ನಸುಕಿನ ಐದಕ್ಕ, ಎತ್ತುಗಳ ಉಸಿರು ಹೊಗಿಯಾಗಿ ನಿಂತಾಗ
ಕಂಬಳಿ ಮುಸುಕು ಹಾಕ್ಕೊಂಡ ಮುದಕ ಒಬ್ಬ
ಖಿಲಾರಿ ಜೋಡಿ ಗೂಟಕ್ಕ ಕಟ್ಟಿ
ತಲಿ ಎತ್ತದ ಕೂತ.
‘ಯೇಸವ್ವಾ, ಎರಡು ರೊಟ್ಟಿ. ಖಾರ ಮುಂದ ಇಡು.’

ಹಿಂದ ತಿರುಗಿ ನೋಡಿದೆ.
ನೀರಿನ ಕೊಡ, ಚಿಪ್ಪಾಡಿ ಚೀಲ, ಮತ್ಯಾರಿಲ್ಲ.
ಮೀಸಿಗೆ ಹತ್ತಿದ ಹಿಟ್ಟು ಒರಸಕೊಂಡು
‘ಓ’ ಅಂದೆ.

ತಿಂದ. ನಮ್ಮವ್ವಗ ತಿನ್ನೋರು ಹೆಂಗ ತಿಂತಿದ್ರೋ ಹಂಗ,
ಹಂಚಿನ ಕಡೆ ನೋಡಕೋತ.
‘ಈ ಸಲ ದಪ್ಪ ಆಗ್ಯಾವಲ್ಲಬೇ’ ಅಂದ,
ತಾಟು ಮುಂದ ಚಾಚಿದ.